ಉಚ್ಚಂಗೆಮ್ಮನ ಮೇಜು ಮತ್ತು ಬೀಗದ ವೈಫೈ

ಹರಪನಹಳ್ಳಿಯಿಂದ ಕೊಟ್ಟೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ವಿಶ್ವವಿದ್ಯಾಲಯದ ಆವರಣ. ಅಲ್ಲಿನ ಗ್ರಂಥಾಲಯದಲ್ಲಿ ಉಚ್ಚಂಗೆಮ್ಮ ಹದಿನೆಂಟು ವರ್ಷದಿಂದ ಅಟೆಂಡರ್. ಸಾಹೇಬರು ಬೆಲ್ ಒತ್ತಿದರೆ ನೀರು ಕೊಡಬೇಕು, ಉಳಿದ ಹೊತ್ತು ಪುಸ್ತಕದ ಧೂಳು ಹೊಡೆಯಬೇಕು. ಹೋದ ವರ್ಷ ಅವಳಿಗೊಂದು ಮೇಜು ಸಿಕ್ಕಿತು.

ಆ ಮೇಜು ಬಂದದ್ದು ವೈಫೈಯಿಂದ. ಆವರಣದಲ್ಲಿ ಎರಡು ವೈಫೈ ಇದ್ದವು. ಒಂದು ಓಪನ್, ಯಾರು ಬೇಕಾದರೂ ಬೆರಳೊತ್ತಿ ಸೇರಬಹುದು. ಇನ್ನೊಂದಕ್ಕೆ ಬೀಗದ ಗುರುತು. ಹೆಸರು ನೋಂದಾಯಿಸಿ ತಮ್ಮದೇ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು, ಅದರಲ್ಲಿ ಕಳಿಸಿದ್ದನ್ನು ನಡುವೆ ಯಾರೂ ಇಣುಕಿ ಓದಲಾಗದು. ನೋಂದಣಿ ಮಾಡಿಕೊಡುವ ರಗಳೆ ಸಿಬ್ಬಂದಿಯಲ್ಲಿ ಯಾರಿಗೂ ಬೇಡವಾದಾಗ ಉಚ್ಚಂಗೆಮ್ಮ ಎರಡೇ ದಿನದಲ್ಲಿ ಅದನ್ನು ಕಲಿತಳು, ಆ ಕೆಲಸಕ್ಕೆಂದೇ ಅವಳಿಗೆ ಮೇಜು ಹಾಕಿಕೊಟ್ಟರು. ಹುಡುಗರು ಪಾಸ್‌ವರ್ಡ್ ಒತ್ತುವಾಗ ಕಿಟಕಿಯತ್ತ ತಿರುಗಿ ಬೇವಿನ ಮರ ನೋಡುವಳು. ಗ್ರಂಥಪಾಲಕ ಗುರುಸಂಗಪ್ಪನವರೊಬ್ಬರನ್ನು ಬಿಟ್ಟು ಎಲ್ಲರೂ ಅವಳನ್ನು "ಮೇಡಂ" ಅನ್ನತೊಡಗಿದರು. ಆ ಮಾತಿಗೆ ಅವಳು ಎಷ್ಟು ಹಿಗ್ಗಿದಳು ಅಂದರೆ, ಮೇಜನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದಳು.

ಗುರುಸಂಗಪ್ಪನವರು ಒಳ್ಳೆಯವರೇ, ಒಳ್ಳೆಯತನ ಒಂದು ಮುಷ್ಟಿ ಹೆಚ್ಚೇ ಇತ್ತು. ನೋಂದಣಿಯ ಬಗ್ಗೆ ಗೊಣಗಾಟ ಕೇಳಿ ಅವರಿಗೆ ಸಾಕಾಗಿತ್ತು.

"ಬೇಸಿಗ್ಯಾಗ ಅರವಟ್ಟಿಗಿ ಇಡತೀವಿ. ನೀರು ಕುಡಿಯಾಕ ಬಂದೋರ ಹೆಸರು ಬರಕೋತೀವೇನು? ಓಪನ್ ಒಂದ ಸಾಕು ಬಿಡು ಉಚ್ಚಂಗಮ್ಮ. ಬೀಗದ್ದನ್ನ ಸೋಮವಾರ ತಗಸಿಬಿಡೋಣ."

ಅಂದರೆ ಮೇಜೂ ಹೋಯಿತು. ಮತ್ತೆ ಬೆಲ್ಲು, ಮತ್ತೆ ಲೋಟ. ಅವತ್ತು ಉಚ್ಚಂಗೆಮ್ಮ ಮೇಜನ್ನು ನಾಲ್ಕನೇ ಸಲವೂ ಒರೆಸಿದಳು.

ಶನಿವಾರ ಮಧ್ಯಾಹ್ನ ಕರೆಂಟ್ ಹೋಯಿತು. ಗೋಡೆಯ ಮೇಲಿನ ವೈಫೈ ಡಬ್ಬಿಗಳ ಹಸಿರು ದೀಪ ಆರಿದವು. ಎಲ್ಲರೂ ಎದ್ದು ಹೊರಟರೂ ಎಂ.ಎ. ಓದುವ ಕೀರ್ತನಾ ಮಾತ್ರ ಫೋನಿನಲ್ಲಿ ಪರೀಕ್ಷೆಯ ಅರ್ಜಿ ತುಂಬುತ್ತಲೇ ಇದ್ದಳು.

"ನೆಟ್ ಎಲ್ಲಿದವ್ವ?"

"ಓಪನ್ ವೈಫೈ ಬರಾಕತ್ತೈತಿ ಮೇಡಂ. ಅರ್ಜಿ ಪಾಸ್‌ವರ್ಡ್ ಹಾಕಿ ಕಳಿಸಿದ್ರ ಮುಗೀತು."

ಉಚ್ಚಂಗೆಮ್ಮ ಡಬ್ಬಿ ನೋಡಿದಳು, ಫೋನ್ ನೋಡಿದಳು.

"ತಡಿಯವ್ವ, ಒತ್ತಬ್ಯಾಡ! ಡಬ್ಬಿ ಸತ್ತೈತಿ, ವೈಫೈ ಹೆಂಗ ಬದುಕೈತಿ? ನಮ್ಮ ಹೆಸರಿಟ್ಟು ಯಾರೋ ತಮ್ಮದು ಬಿಟ್ಟಾರ."

ತನ್ನ ಫೋನ್ ಹಿಡಿದು ಹೊರಟಳು. ನಡೆದಂತೆ ಸಿಗ್ನಲ್ಲಿನ ಗೆರೆಗಳು ಏರುತ್ತಾ ಹೋಗಿ, ಗುರುಸಂಗಪ್ಪನವರ ಬಾಗಿಲಲ್ಲಿ ಪೂರ್ತಿ ಆದವು. ಮೇಜಿನ ಮೇಲೆ ಅವರ ಫೋನ್ ಕಾದ ಹೆಂಚಾಗಿತ್ತು.

"ಹುಡುಗರು ಪಾಪ ಒದ್ದಾಡತಾರ ಅಂತ ಹಾಟ್‌ಸ್ಪಾಟ್ ಹಚ್ಚಿದೆ. ಗುರುತು ಸಿಗಲಿ ಅಂತ ಅದ ಹೆಸರಿಟ್ಟೆ. ತಪ್ಪೇನೈತಿ?"

"ನಿಮ್ಮ ಮನಸ್ಸಿನಾಗ ತಪ್ಪಿಲ್ಲ ಸರ. ಆದ್ರ ನೀವು ಇಟ್ಟ ಹೆಸರು ಕಳ್ಳನೂ ಇಡಬೌದಲ್ರಿ? ಅರವಟ್ಟಿಗ್ಯಾಗ ಕುಡಿಯೋರ ಹೆಸರು ಕೇಳಂಗಿಲ್ಲ, ಖರೆ. ಗಡಗಿ ತುಂಬಿದೋರು ಯಾರಂತ ಊರಿಗೆಲ್ಲ ಗೊತ್ತಿರತೈತಿ. ಇದನ್ನ ತುಂಬಿದೋರು ಯಾರಂತ ಆ ಹುಡುಗಿಗೆ ಗೊತ್ತಿತ್ತೇನ್ರಿ?"

ಹದಿನೆಂಟು ವರ್ಷದಲ್ಲಿ ಅವಳು ಅವರೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. ಗುರುಸಂಗಪ್ಪನವರು ಫೋನ್ ಎತ್ತಿಕೊಂಡು ಹಾಟ್‌ಸ್ಪಾಟ್ ಆರಿಸಿದರು.

ಸೋಮವಾರ ತೆಗೆಸಿದ್ದು ಓಪನ್ ವೈಫೈಯನ್ನು. ಉಚ್ಚಂಗೆಮ್ಮನ ಮೇಜಿನ ಮುಂದೆ ಸಾಲು ಬಾಗಿಲು ದಾಟಿತ್ತು. ಕೀರ್ತನಾಳ ಹಿಂದೆಯೇ ಫೋನ್ ಹಿಡಿದು ನಿಂತಿದ್ದವರು ಗುರುಸಂಗಪ್ಪ! ವರ್ಷವಾದರೂ ತಮ್ಮದನ್ನೇ ನೋಂದಾಯಿಸಿರಲಿಲ್ಲ ಮಹಾನುಭಾವರು.

ಅವರ ಸರದಿ ಬಂದಾಗ ಹೆಸರು ಬರೆದುಕೊಂಡು, ಎಂದಿನಂತೆ ಬೇವಿನ ಮರದತ್ತ ತಿರುಗಿದಳು. ಬೆನ್ನ ಹಿಂದೆ ದನಿ ಕೇಳಿತು:

"ಮೊದಲು ಮೊಮ್ಮಗಳ ಹೆಸರು... ಅಮೃತಾ... ಆಮ್ಯಾಲ ಏಳು, ಎರಡು..."

ಸಾಲಿಗೆ ಸಾಲೇ ನಕ್ಕಿತು.

"ಸರ, ಬಾಯಿ ಮುಚ್ಚಿಕೊಂಡು ಒತ್ರಿ!" ಎಂದಳು ಉಚ್ಚಂಗೆಮ್ಮ, ತಿರುಗದೆಯೇ.

"ಆತ್ರಿ ಮೇಡಂ," ಎಂದು ಗುರುಸಂಗಪ್ಪನವರು ಒತ್ತಿದ್ದನ್ನೆಲ್ಲ ಅಳಿಸಿ, ಮೊದಲ ಅಕ್ಷರದಿಂದ ಶುರುಮಾಡಿದರು.