ಅಂಬುಬಾಯಿಯ ದನಿ, ಕಾಶಿಯ ಬಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ವಾರ ಶಹಾಪುರದ ಶೋಕಸಭೆಯಲ್ಲಿ ಸ್ಟೇಜಿನ ಮೇಲೆ ನಾಟಕದ ರಾಣಿ ತಂಬಿಗೆ ಎತ್ತಿ ಗಟಗಟ ನೀರು ಕುಡಿಯುತ್ತಿರುವಾಗಲೇ ಅವಳ ಹಾಡು ತಾರಕದಲ್ಲಿ ಕೇಳಿಸಿತಲ್ಲ, ಆ ಪವಾಡ ಮಾಡಿದ ಕತ್ತೆ ನಾನೇ.

ನೋಡಿದವರು ನಕ್ಕಿದ್ದೀರಿ. ನೋಡದವರಿಗೆ ನೋಡಿದವರು ಹೇಳಿದ್ದಾರೆ. (ನಮ್ಮ ಕಡೆ ಪತ್ರಿಕೆ ಮುಟ್ಟಲು ವಾರ ಬೇಕು. ಅವಮಾನ ಅದೇ ದಿನ ಸಂಜೆಗೆ ಮುಟ್ಟುತ್ತದೆ.) ಆದರೆ ಹಾಗೇಕಾಯಿತು ಎಂದು ಯಾರೂ ಕೇಳಲಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಸುರಪುರದ ಅಂಬುಬಾಯಿಯವರು ತೀರಿಕೊಂಡರು. ಯಾದಗಿರಿ, ಶಹಾಪುರ, ಸುರಪುರದಲ್ಲಿ ಅವರ ಹಾಡು ಕೇಳದ ಕಿವಿ ಇದ್ದರೆ ಅದು ಬೇರೆ ಊರಿನಿಂದ ಬಂದ ಕಿವಿ. ನಾಟಕದಲ್ಲಿ ಮಾತಿರುವುದು ಹಾಡುಗಳ ನಡುವೆ ಸುಧಾರಿಸಿಕೊಳ್ಳಲು ಮಾತ್ರ ಎಂದು ನಂಬಿದ್ದ ನಟಿ ಅವರು. ಮಗನನ್ನು ಕಳೆದುಕೊಂಡ ರಾಣಿಯ ಪಾರ್ಟಿನಲ್ಲಿ, ಮೇಲಿನ ಸ್ವರಕ್ಕೆ ಹೋಗುವ ಮುಂಚೆ, ಅವರ ಗಂಟಲಲ್ಲಿ ಸಣ್ಣದೊಂದು ಬಿಕ್ಕು ಬರುತ್ತಿತ್ತು. ಅಲ್ಲಿ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತಿತ್ತು. ಗಂಡಸರು ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು.

ಆ ಬಿಕ್ಕನ್ನು ನಾನು ಕದ್ದೆ. ತಹಶೀಲ್ದಾರರ ನಡಿಗೆ, ಸ್ವಾಮಿಗಳ ಆಕಳಿಕೆ, ನಮ್ಮಪ್ಪನ ಗೊರಕೆ ಎಲ್ಲ ಕದ್ದವನಿಗೆ ಇದು ಯಾವ ಲೆಕ್ಕ? ಒಮ್ಮೆ ನಮ್ಮ ನಾಟಕ ಕಂಪನಿಯ ಡೇರೆಯ ಹಿಂದೆ ಗೆಳೆಯರಿಗೆ ಅಂಬುಬಾಯಿಯನ್ನು ಹಾಡಿ ತೋರಿಸುತ್ತಿದ್ದೆ. ಗೆಳೆಯರು ಏಕಾಏಕಿ ಮಾಯವಾದರು. ತಿರುಗಿದರೆ ಅಂಬುಬಾಯಿಯವರೇ ನಿಂತಿದ್ದಾರೆ. ಬೈಗುಳಕ್ಕೆ ತಲೆ ಬಗ್ಗಿಸಿದೆ. ಅವರು ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟರು.

"ಯಪ್ಪಾ, ನೀ ನನ್ನ ದಮ್ಮ ಕದ್ದೀ, ರಾಗ ಅಲ್ಲೇ ಬಿಟ್ಟ ಬಂದೀ. ಆ ಬಿಕ್ಕು ದುಃಖದ್ದಲ್ಲೋ, ದಮ್ಮಿನ ಬ್ಯಾನಿದು. ಉಸಿರ ಸಾಲಂಗಿಲ್ಲ ನನಗ. ಕುಂದ್ರು, ರಾಗ ಕೊಡ್ತೀನಿ," ಎಂದರು.

ಕೊಟ್ಟರು. ಮೇಲೆ ರೊಟ್ಟಿ, ಶೇಂಗಾ ಹಿಂಡಿಯನ್ನೂ ಕೊಟ್ಟರು. ಅಣಕಿಸಿದವನಿಗೆ ಊಟ ಹಾಕಿ ಕಲಿಸಿದವರು ಅವರೊಬ್ಬರೇ. (ಉಳಿದವರು ಊಟ ಹಾಕಿಲ್ಲ. ಕಲಿಸಿದ್ದನ್ನು ಮಾತ್ರ ನನ್ನ ಬೆನ್ನು ಇನ್ನೂ ಮರೆತಿಲ್ಲ.)

ಇನ್ನೊಂದು ಋಣವಿದೆ. ರಜಾಕಾರರ ಗದ್ದಲದಲ್ಲಿ ನಾವು ನಿಜಾಮರ ಗಡಿ ದಾಟಿ ಆಚೆ ಕಡೆಯ ಶಿಬಿರ ಸೇರಿದ್ದೆವು. ಬೂಟಿನ ಸಪ್ಪಳವಾದರೆ ಮಕ್ಕಳು ಚೀರುತ್ತಿದ್ದವು. ಅಂಬುಬಾಯಿಯವರೂ ಅಲ್ಲೇ ಇದ್ದರು. ರಾಣಿಯ ಹಾಡನ್ನು ಬಿಟ್ಟು ಜೋಳ ಬೀಸುವ ಪದ ಹಾಡುತ್ತಿದ್ದರು, ಮೆಲ್ಲಗೆ, ಬೀಸುವ ಕಲ್ಲೇ ಇಲ್ಲದ ಕಡೆ. ನನ್ನ ತಂಗಿ ಚೀರುವುದನ್ನು ಬಿಟ್ಟದ್ದು ಆ ಪದಕ್ಕೆ. ಇದಕ್ಕೆಲ್ಲ ಥ್ಯಾಂಕ್ಸ್ ಎನ್ನಲಾಗುತ್ತದೆಯೇ? ನನಗಂತೂ ಆಗಲಿಲ್ಲ. ಅವರಿದ್ದಾಗ ಹೇಳದೆ ಈಗ ಇಲ್ಲಿ ಬರೆಯುತ್ತಿದ್ದೇನೆ.

ನಿಜಾಮರ ರಾಜ್ಯ ಹೋಯಿತು. ಗಡಿಯ ಸುಂಕದ ನಾಕೆಗಳೂ ಹೋದವು. ನಾಕೆ ಹೋದದ್ದೇ ತಡ, ಹುಬ್ಬಳ್ಳಿ ಕಡೆಯ ನಾಟಕ ಕಂಪನಿಗಳು ಪರದೆ, ಪೆಟ್ಟಿಗೆ ಹೇರಿಕೊಂಡು ಬಂದವು. ಅಂಬುಬಾಯಿ ಇರುವ ತನಕ ನಮ್ಮ ಕಂಪನಿಗೆ ಭಯವಿರಲಿಲ್ಲ. ಈಗ ಉಳಿದವಳು ಕಾಶಿ. ಅಂಬುಬಾಯಿಯ ಅಣ್ಣನ ಮಗಳು, ಕೊಂಕಲ್ ಹಳ್ಳಿಯವಳು, ಚಿಕ್ಕಂದಿನಿಂದ ಅತ್ತೆಯ ಹತ್ತಿರವೇ ಕಲಿತವಳು. ಒಳ್ಳೆಯ ಗಂಟಲು. ಆದರೆ ಅತ್ತೆಯ ಗಂಟಲಲ್ಲ.

ಮಾಲಕರಾದ ಬಸಣ್ಣನವರು ಹೇಳಿಬಿಟ್ಟರು. "ಶೋಕಸಭಾದಾಗ ಕಾಶಿ ರಾಣಿದೊಂದು ಪ್ರವೇಶ ಮಾಡ್ಲಿ. ಜನ ಒಪ್ಪಿದ್ರ ಅಕಿನ ನಮ್ಮ ರಾಣಿ. ಇಲ್ಲಂದ್ರ ಹುಬ್ಬಳ್ಳಿಲಿಂದ ಒಬ್ಬಾಕಿನ್ನ ಕರಸ್ತೀನಿ. ಕಾಶಿ ಕೊಂಕಲ್ಲಿಗಿ ಹೋಗಿ ಕಳೆ ತಗೀಲಿ."

ಹಾಡು ಬಿಟ್ಟರೆ ಕಾಶಿಗೆ ಬೇರೆ ಬದುಕು ಗೊತ್ತಿಲ್ಲ. ನನಗೆ ಕನಿಕರ ಬಂತು. ಕನಿಕರ ಬಂದ ಬಾಗಿಲಿಂದಲೇ ಬುದ್ಧಿ ಹೊರಗೆ ಹೋಗುತ್ತದೆ. "ಅಕಿ ಮುಂದ ನಿಂತು ಬಾಯಿ ಆಡಸ್ಲಿ. ನಾ ಪರದೆ ಹಿಂದ ಅಂಬುಬಾಯಿ ದನಿಲೆ ಹಾಡ್ತೀನ್ರಿ," ಎಂದೆ. ಬಸಣ್ಣನವರು ಬೆನ್ನು ತಟ್ಟಿದರು. ಕಾಶಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ನನ್ನ ಬಾಯಾಗ ನಿನ್ನ ದನಿ? ಸಂಗಾಟ ಮೀಸಿನೂ ಬರ್ತಾವೇನು?"

"ಒಂದ ದಿನದ ಮಾತು, ಕಾಶಿ."

"ಮರುದಿನ ಯಾರ ದನಿ ತರ್ಲಿ?"

ಆದರೂ ಒಪ್ಪಿದಳು. ಕೊಂಕಲ್‌ನ ಕಳೆ ಕಣ್ಣ ಮುಂದೆ ಬಂದಿರಬೇಕು.

ಮಧ್ಯಾಹ್ನದ ಹೊತ್ತು. ಭಾಷಣಗಳು ಮುಗಿದವು. (ಸತ್ತವರಿಗೆ ಕೇಳಿಸುವುದಿಲ್ಲ ಎಂಬುದೊಂದೇ ಸಮಾಧಾನ.) ಪ್ರವೇಶ ಶುರುವಾಯಿತು. ಮುಂದೆ ಕಾಶಿ, ಪರದೆ ಹಿಂದೆ ನಾನು. ಬಿಕ್ಕಿನ ಜಾಗದಲ್ಲಿ ಬಿಕ್ಕು ಹಾಕಿದೆ. ಹೆಂಗಸರ ಕಡೆಯಿಂದ ಅಳು ಕೇಳಿಸಿತು. ಹಾಡು ಮುಗಿದಾಗ ಹಳಬರು "ಮುಕರ್ರರ್" ಎಂದರು. ಹುಬ್ಬಳ್ಳಿ ನಾಟಕ ಕಂಡ ಹುಡುಗರು "ಒನ್ಸ್ ಮೋರ್" ಎಂದರು. ಮುಂದಿನ ಸಾಲಿನ ಕನ್ನಡ ಪಂಡಿತರು "ಮತ್ತೊಮ್ಮೆ" ಎಂದರು. (ಮೂರಕ್ಕೂ ಅರ್ಥ ಒಂದೇ. ನಮ್ಮ ನಾಡು ಒಂದಾದದ್ದು ಅದೇ ಕ್ಷಣದಲ್ಲಿ ಎಂದು ನನ್ನ ನಂಬಿಕೆ.)

ಕಾಶಿ ಸೆರಗು ಸರಿಮಾಡಿಕೊಂಡ ಮೇಲೆಯೇ ನಾನು ಮತ್ತೆ ಶುರುಮಾಡಬೇಕು. ಅದು ನಮ್ಮ ಒಪ್ಪಂದ. ಮೂರು ಭಾಷೆಯಲ್ಲಿ ಹೊಗಳಿಸಿಕೊಂಡ ಕತ್ತೆಗೆ ಸೆರಗು ಕಾಣುತ್ತದೆಯೇ? ಜನ ಕರೆಯುತ್ತಿರುವುದು ನನ್ನನ್ನೇ ಅನಿಸಿತು. ಹಾಡು ಎತ್ತಿಕೊಂಡೆ. ಆಗ ಕಾಶಿಯ ಬಾಯಲ್ಲಿ ತಂಬಿಗೆ.

"ಯವ್ವಾ, ರಾಣಿ ನೀರಾಗ ಹಾಡಾಕತ್ಯಾಳ," ಎಂದಿತು ಒಂದು ಮಗು.

ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಬಸಣ್ಣನವರು ತಲೆ ಮೇಲೆ ಟವೆಲ್ಲು ಎಳೆದುಕೊಂಡರು. ಯಾರೋ ಪರದೆ ಸರಿಸಿದರು. ನಾನು ಬಾಯಿ ತೆರೆದೇ ನಿಂತಿದ್ದೆ.

ಕಾಶಿ ಓಡಿಹೋಗಲಿಲ್ಲ. ತಂಬಿಗೆ ಕೆಳಗಿಟ್ಟಳು. ಬಾಯಿ ಒರೆಸಿಕೊಂಡಳು. ಹಾರ್ಮೋನಿಯಂ ಪೇಟಿ ನುಡಿಸುವವರ ಕಡೆ ತಿರುಗಿದಳು. "ಮಾಸ್ತರ, ಅತ್ತಿ ಶ್ರುತಿ ಬ್ಯಾಡ. ಕೆಳಗ ಹಿಡೀರಿ, ನನ್ನ ಶ್ರುತಿಗಿ."

ಅದೇ ಹಾಡು ಎತ್ತಿಕೊಂಡಳು. ಬಿಕ್ಕಿಲ್ಲ. ಎದೆ ತುಂಬ ಉಸಿರಿರುವ ಹುಡುಗಿ, ಬಿಕ್ಕು ಎಲ್ಲಿಂದ ತರಬೇಕು? ದಪ್ಪನೆಯ ದನಿ ಒಂದೇ ದಮ್ಮಿಗೆ ಮೇಲೇರಿ ಅಲ್ಲೇ ನಿಂತಿತು. ಈ ರಾಣಿ ಅಳುತ್ತಿರಲಿಲ್ಲ. ದೇವರನ್ನು ಜಗಳಕ್ಕೆ ಕರೆಯುತ್ತಿದ್ದಳು. ನಗು ಅಡಗಿತು. ಅಂಬುಬಾಯಿ ಕೊಟ್ಟ ರಾಗ ಅಷ್ಟೂ ಅಲ್ಲಿತ್ತು, ಒಂದು ಎಳೆ ಸಡಿಲವಾಗಿರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಅಷ್ಟರಲ್ಲಿ ಹಿರಿಯರೊಬ್ಬರು ಎದ್ದರು. ಕಕ್ಕೇರಾದಿಂದ ಬಂಡಿ ಕಟ್ಟಿಕೊಂಡು ಬಂದಿದ್ದವರು, ಅಂಬುಬಾಯಿಯ ಒಂದು ನಾಟಕವನ್ನೂ ಬಿಟ್ಟವರಲ್ಲ.

"ಏ ತಂಗಿ, ತಡಿ. ಅಂಬುಬಾಯಿ ಹಿಂಗ ಹಾಡ್ತಿದ್ದಿಲ್ಲ."

ಪೇಟಿ ನಿಂತಿತು. ಬಸಣ್ಣನವರು ಟವೆಲ್ಲಿನೊಳಗಿಂದ ಒಂದು ಕಣ್ಣು ಹೊರಹಾಕಿದರು. ಹುಬ್ಬಳ್ಳಿಯೋ ಕೊಂಕಲ್ಲೋ, ಅಲ್ಲೇ ತೀರ್ಮಾನವಾಗಬೇಕಿತ್ತು. ಕಾಶಿ ಹಿರಿಯರಿಗೆ ಕೈ ಮುಗಿದು ಒಂದು ಮಾತು ಹೇಳಿದಳು. ಆ ಮಾತಿಗೆ ಕೂತ ಹಿರಿಯರು ಹಾಡು ಮುಗಿಯುವ ತನಕ ಏಳಲಿಲ್ಲ. ಬಸಣ್ಣನವರೂ ಹುಬ್ಬಳ್ಳಿಯ ಹೆಸರನ್ನು ಮತ್ತೆ ಎತ್ತಿಲ್ಲ. ಅವಳು ಹೇಳಿದ್ದು ಇಷ್ಟೇ:

"ಅತ್ತಿ ತನ್ನ ಹಾಡು ಹಾಡಿ ಹೋಗ್ಯಾಳ್ರಿ, ಮುತ್ಯಾ. ಈಗ ಹಾಡಾಕತ್ತಾಕಿ ನಾನು. ಕುಂದರ್ರಿ."