ಸ್ಟಿಯರಿಂಗ್ ಮೇಲೆ ಎದ್ದ ಬೆರಳು

ನಮ್ಮ ಪಕ್ಕದ ಮನೆಗೆ ಐರ್ಲೆಂಡಿನ ಮುದುಕರೊಬ್ಬರು ಬಂದು ಹದಿನಾಲ್ಕು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ನನ್ನ ಗಂಡ ಅವರೊಡನೆ ಒಂದು ಮಾತೂ ಆಡಿರಲಿಲ್ಲ. ಯಾಕೆಂದು ಕೇಳಿದರೆ, "ಅವನು ನನಗೆ ಬೆರಳು ತೋರಿಸ್ತಾನೆ ಕಣೇ" ಅನ್ನುತ್ತಿದ್ದರು.

ಅಮೆರಿಕದ ಈ ಫ್ಲೋರಲ್ ಪಾರ್ಕಿನ ನಮ್ಮ ಬೀದಿಯಲ್ಲಿ ಎರಡೆರಡು ಮನೆಗೆ ಒಂದೇ ಡ್ರೈವ್‌ವೇ. ಅರ್ಧ ನಮ್ಮದು, ಅರ್ಧ ಅವರದು. ಹಿಂದಿನ ಗ್ಯಾರೇಜಿಗೆ ಕಾರು ಹೋಗಬೇಕಾದರೆ ಎರಡು ಅರ್ಧವೂ ಬೇಕು. ಬೆಳಗ್ಗೆ ಏಳೂಕಾಲಿಗೆ ನನ್ನ ಗಂಡ ಕಾರು ಹೊರಗೆ ತೆಗೆಯುವ ಹೊತ್ತಿಗೆ ಸರಿಯಾಗಿ ಆ ಮುದುಕರು ಎಲ್ಲಿಗೋ ಹೋಗಿ ವಾಪಸು ಬರುತ್ತಿದ್ದರು. ಸ್ಟಿಯರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಎತ್ತಿ ಇಳಿಸುತ್ತಿದ್ದರು. ನಗುವಿಲ್ಲ, ತಲೆಯಾಡಿಸುವುದೂ ಇಲ್ಲ. ತೋರುಬೆರಳು ಎತ್ತಿದರೆ ನಮ್ಮವರಿಗೆ ಇನ್ನೇನು ಅರ್ಥವಾಗಬೇಕು? ನೋಡ್ಕೋತೀನಿ ಅಂತ. ಗೆರೆ ದಾಟಿದ್ದಕ್ಕೆ ಹೆದರಿಸುತ್ತಿದ್ದಾನೆಂದು ನನ್ನ ಗಂಡ ತೀರ್ಮಾನಿಸಿ, ಬೆರಳು ಕಂಡ ಕೂಡಲೇ ಮುಖ ಗಂಟಿಕ್ಕಿ ಗೋಡೆ ನೋಡುವುದನ್ನು ರೂಢಿ ಮಾಡಿಕೊಂಡರು. ಆಫೀಸಿನಲ್ಲಿ ಇಪ್ಪತ್ತು ಜನರ ಮೇಲೆ ಅಧಿಕಾರ ನಡೆಸುವ ಮನುಷ್ಯ.

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡುವವಳು. ಆ ಬೆರಳು ಪೋಸ್ಟಿನವನಿಗೂ ಏಳುತ್ತಿತ್ತು, ಕಸದ ಲಾರಿಗೂ ಏಳುತ್ತಿತ್ತು, ನಾಯಿ ತಿರುಗಾಡಿಸುವ ಹೆಂಗಸಿಗೂ ಏಳುತ್ತಿತ್ತು. "ಅದು ಅವರ ಕಡೆ ನಮಸ್ಕಾರ ಇರಬೇಕು ರೀ" ಅಂದೆ. "ನಿನಗೇನು ಗೊತ್ತು, ಸುಮ್ನಿರು" ಅಂದರು. ಒಂದು ದಿನ ಹೊರಗೆ ಹೋಗಿ ನಾನಾದರೂ ಕೈ ಎತ್ತಿದೆನೇ ಎಂದರೆ ಅದೂ ಇಲ್ಲ. ನನ್ನ ಜಾಣತನವೂ ಕಿಟಕಿಯ ಒಳಗಿನದೇ.

ಹೀಗಿರುವಾಗ ನಮ್ಮ ಜೊತೆಯಲ್ಲೇ ಇದ್ದ ಅತ್ತೆಗೆ ಸ್ಟ್ರೋಕ್ ಆಗಿ ಎಡಗಾಲು ಬಿದ್ದುಹೋಯಿತು. ಆಸ್ಪತ್ರೆಯಿಂದ, ಮತ್ತೆ ನಡೆಯಲು ಅಭ್ಯಾಸ ಮಾಡಿಸುವ ರಿಹ್ಯಾಬಿಗೆ ಕಳಿಸಿದರು. ಅಲ್ಲಿ ಒಂಬತ್ತು ವಾರ. ದಿನಾ ಮಧ್ಯಾಹ್ನ ನಾನು ಡಬ್ಬಿಯಲ್ಲಿ ಮೆತ್ತಗಿನ ಅನ್ನ, ಸಾರು ಕಲಸಿಕೊಂಡು ಹೋದರೆ, ಮೊದಲ ತುತ್ತಿಗೇ "ಯಾವತ್ತಮ್ಮಾ ಮನೆಗೆ ಕರ್ಕೊಂಡು ಹೋಗೋದು?" ಎಂದು ಶುರುಮಾಡುತ್ತಿದ್ದರು. ನಮ್ಮ ಮನೆಯ ಮುಂದೆ ಏಳು ಮೆಟ್ಟಿಲು. ಗಾಲಿಕುರ್ಚಿ ಹತ್ತಿಸಲು ಇಳಿಜಾರಿನ ರ‍್ಯಾಂಪ್ ಇಲ್ಲದ ಮನೆಗೆ ಕಳಿಸುವುದಿಲ್ಲ, ತಿಂಗಳ ಕೊನೆಯೊಳಗೆ ಆಗದಿದ್ದರೆ ವಯಸ್ಸಾದವರನ್ನು ಕಾಯಂ ಇರಿಸಿಕೊಳ್ಳುವ ನರ್ಸಿಂಗ್ ಹೋಮ್ ನೋಡಿಕೊಳ್ಳಿ ಎಂದರು ಅಲ್ಲಿಯವರು. ರ‍್ಯಾಂಪಿಗೆ ಜಾಗವಿದ್ದದ್ದು ಪಕ್ಕದ ಬಾಗಿಲಿನ ಹತ್ತಿರ, ಡ್ರೈವ್‌ವೇಯ ಒಳಕ್ಕೆ ಚಾಚಿಕೊಂಡು. ಅದಕ್ಕೆ ಮುದುಕರ ಸಹಿ ಬೇಕು.

ನನ್ನ ಗಂಡ ಫೋನ್ ಮಾಡಿದ್ದು ವೆಸ್ಟ್ ವಿಂಡ್ಸರಿನಲ್ಲಿರುವ ನನ್ನ ಅಕ್ಕನ ಗಂಡನಿಗೆ. ಭಾವ ಒಮ್ಮೆ ಕಂಪನಿ ಕೆಲಸದ ಮೇಲೆ ಮೂರು ವಾರ ಡಬ್ಲಿನ್ನಿನ ಹೋಟೆಲಿನಲ್ಲಿದ್ದರು. ಆ ಮೂರು ವಾರವನ್ನು ಹನ್ನೆರಡು ವರ್ಷದಿಂದ ಬಿಸಿಮಾಡಿ ಬಿಸಿಮಾಡಿ ಬಡಿಸುತ್ತಿದ್ದಾರೆ.

ಭಾನುವಾರ ಬಂದರು, ಎಲ್ಲಿಂದಲೋ ಪ್ರಿಂಟ್ ತೆಗೆದ ಒಪ್ಪಿಗೆ ಪತ್ರದ ಹಾಳೆ ಹಿಡಿದುಕೊಂಡು. "ಫಸ್ಟ್ ಮೀಟಿಂಗಲ್ಲೇ ಎಲ್ಲ ಡಿಸೈಡ್ ಆಗೋದು, ತಿಳ್ಕೊಳ್ಳಿ. ಗಟ್ಟಿಯಾಗಿ ಕೈ ಕುಲುಕಬೇಕು. ಕಣ್ಣಲ್ಲಿ ಕಣ್ಣಿಡಬೇಕು. ತಕ್ಷಣ ಫಸ್ಟ್ ನೇಮಿಗೆ ಬಂದುಬಿಡಬೇಕು. ಮನೆ, ಕಾಯಿಲೆ, ಕಸಾಲೆ, ಇವೆಲ್ಲ ಎತ್ತಲೇಬಾರದು. ಪ್ರೈವಸಿ ಅವರಿಗೆ ಬಹಳ."

"ಕಾಯಿಲೆ ಹೇಳದೆ ರ‍್ಯಾಂಪ್ ಯಾಕೆ ಅಂತ ಹೇಗೆ ಹೇಳೋದು ಭಾವ?" ಅಂದೆ.

"ನೀನು ಕಾಫಿ ಬೆರೆಸಮ್ಮ."

ಬೆರೆಸಿದೆ. ಫ್ರಿಜ್ಜಿನ ಮುಂದೆ ಐವತ್ತು ದಾಟಿದ ಇಬ್ಬರು ಗಂಡಸರು ಒಬ್ಬರ ಕೈ ಒಬ್ಬರು ಹಿಡಿದು ಕುಲುಕುತ್ತಿದ್ದರು. "ಇನ್ನೂ ಗಟ್ಟಿ. ಸತ್ತ ಮೀನು ಹಿಡಿದಂಗೆ ಹಿಡೀತೀರಲ್ರೀ" ಎಂದು ಭಾವ. ಹುಟ್ಟಿದಾರಭ್ಯ ಮೀನು ಮುಟ್ಟಿದವರಲ್ಲ ಇಬ್ಬರೂ.

ಹೊರಗೆ ಮುದುಕರು ಕಾರಿನ ಟೈರು ಬದಲಿಸುತ್ತಾ ಕೂತಿದ್ದರು. ಹೊರಗೆ ಬಂದ ಇವರಿಬ್ಬರನ್ನು ಕಂಡು "ಹೌ ಆರ್ ಯು" ಎಂದವರು ಉತ್ತರಕ್ಕೆ ಕಾಯದೆ ಮತ್ತೆ ನಟ್ಟಿನ ಕಡೆ ಬಗ್ಗಿದರು. ಭಾವ ಮಾತ್ರ ಆ ಬಗ್ಗಿದ ಬೆನ್ನಿಗೇ "ಐ ಆ್ಯಮ್ ಗ್ರೇಟ್, ಥ್ಯಾಂಕ್ ಯು" ಎಂದು ಪೂರ್ತಿ ವರದಿ ಒಪ್ಪಿಸಿ ಕೈ ಚಾಚಿದರು. ಮುದುಕರು ಗ್ರೀಸು ಹತ್ತಿದ ತಮ್ಮ ಎರಡು ಕೈಗಳನ್ನು ನೋಡಿಕೊಂಡು, ಶುಭ್ರವಾಗಿದ್ದ ಮಣಿಕಟ್ಟನ್ನು ಮುಂದೆ ಮಾಡಿದರು. ಭಾವ ಆ ಮಣಿಕಟ್ಟನ್ನೇ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಬೋರ್‌ವೆಲ್ ಪಂಪು ಹೊಡೆದ ಹಾಗೆ ಹೊಡೆದರು. ಹೊಡೆದಾದ ಮೇಲೆ ಹಾಳೆಯನ್ನು ಅವರ ಮೂಗಿಗೆ ಹಿಡಿದು, "ಜಸ್ಟ್ ಎ ಸಿಗ್ನೇಚರ್" ಎಂದರು.

"ಆ ಮೆಟ್ಟಿಲ ಮೇಲಿಡಿ. ಯಾವಾಗಲಾದರೂ ನೋಡ್ತೀನಿ" ಎಂದರು ಮುದುಕರು ತಮ್ಮ ಇಂಗ್ಲಿಷಿನಲ್ಲಿ.

ಭಾವ ನನ್ನ ಗಂಡನ ಕಡೆ ತಿರುಗಿ ಕನ್ನಡದಲ್ಲಿ, "ಹಾರ್ಡ್ ಕೇಸ್. ಲಾಯರ್ ಹಿಡಿಯೋದೇ ಒಳ್ಳೇದು" ಎಂದರು. ನನ್ನ ಗಂಡ ಆ ಹೊತ್ತಿಗೂ ಗೋಡೆಯನ್ನೇ ನೋಡುತ್ತಿದ್ದರು.

ಯಾವಾಗಲಾದರೂ ಅಂದರೆ ತಿಂಗಳ ಕೊನೆ ಕಾಯುತ್ತದೆಯೇ? ಕೈ ಒರೆಸಿಕೊಂಡು ಹೊರಗೆ ಹೋದೆ. ನಮ್ಮ ಅತ್ತೆಗೆ ಕಾಲು ಬಿದ್ದುಹೋಗಿದೆ, ರ‍್ಯಾಂಪ್ ಇಲ್ಲದಿದ್ದರೆ ಮನೆಗೆ ಬಿಡುವುದಿಲ್ಲ, ದಿನಾ ಮನೆ ಮನೆ ಅಂತ ಅಳುತ್ತಾರೆ, ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ.

ಮುದುಕರು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತರು. "ಯಾರು, ಮುಂದಿನ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದರಲ್ಲ, ಅವರೇ?"

"ಹೌದು, ಅವರೇ."

"ನಿಮ್ಮ ಮನೆಯಲ್ಲಿ ನನಗೆ ತಿರುಗಿ ಕೈ ಎತ್ತುತ್ತಿದ್ದದ್ದು ಅವರೊಬ್ಬರೇ. ಸೊಪ್ಪಿನ ಕೈಯನ್ನೇ ಎತ್ತುತ್ತಿದ್ದರು. ಕಾಣದೇ ಹೋದಾಗ ಇಂಡಿಯಾಕ್ಕೆ ಕಳಿಸಿಬಿಟ್ಟಿದ್ದೀರಿ ಅಂದುಕೊಂಡೆ." ಆಮೇಲೆ ನನ್ನ ಗಂಡನ ಕಡೆ ತಿರುಗಿದರು. "ನಿಮಗೆ ಎಂದೂ ನನ್ನನ್ನು ಮಾತಾಡಿಸುವ ಮನಸ್ಸಿರಲಿಲ್ಲ. ಇರಲಿ, ಅದು ನಿಮ್ಮಿಷ್ಟ."

"ಐ ಥಾಟ್... ದಿ ಫಿಂಗರ್..." ಎಂದು ನನ್ನ ಗಂಡ ತೊದಲಿದರು. "ಆಕ್ಚುಯಲಿ, ಇಟ್ ಈಸ್ ಎ ಕಲ್ಚರಲ್ ಥಿಂಗ್" ಎಂದು ಭಾವ ಶುರುಮಾಡಿದರು. ಮುದುಕರು, ಲಾರಿ ದಾಟಿಹೋಗಲೆಂದು ರಸ್ತೆಯಂಚಿನಲ್ಲಿ ಕಾಯುವವರ ಹಾಗೆ ಅವರ ಮಾತು ಮುಗಿಯುವುದನ್ನು ಕಾದರು. ನಂತರ ಒಳಗೆ ಹೋಗಿ ಕೈ ತೊಳೆದು, ಅಳತೆ ಟೇಪು ತಂದು, ದಾಟಲು ಜಾಗ ಉಳಿಯುತ್ತದೆಯೇ ಎಂದು ತಮ್ಮ ಕಾರನ್ನು ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಯವರೆಗೆ ಅಳೆದರು. ಹಿಡಿದುಕೊಳ್ಳುವ ಕಂಬಿ ನಮ್ಮ ಗೋಡೆಯ ಕಡೆಗೇ ಇರಬೇಕೆಂದು ಹಾಳೆಯ ಮೇಲೆ ಬರೆದು, ಕಾರಿನ ಬಾನೆಟ್ ಮೇಲೆ ಇಟ್ಟುಕೊಂಡು ಸಹಿ ಮಾಡಿದರು. ನನ್ನ ಗಂಡ ಅದನ್ನು ತೆಗೆದುಕೊಳ್ಳಲು ಕೈ ನೀಡಿದರು. ಹಾಳೆ ನನ್ನ ಕೈಗೆ ಬಂತು.

"ನಿಮ್ಮ ಅತ್ತೆಗೆ, ನಾನು ವಿಚಾರಿಸಿದೆ ಅಂತ ಹೇಳಿ" ಎಂದರು ಮುದುಕರು.

ಒಳಗೆ ಬಂದು ಭಾವ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡು, "ನೋಡಿದ್ರಾ? ಹ್ಯಾಂಡ್‌ಶೇಕ್ ಹೆಂಗೆ ಕೆಲಸ ಮಾಡ್ತು" ಎಂದರು. ನನ್ನ ಗಂಡ ಹೂಂಗುಟ್ಟಿದರು. ಹಾಗೆ ಅಂದುಕೊಂಡರೆ ಅವರಿಗೂ ಅನುಕೂಲವೇ.

ಸಂಜೆ ರಿಹ್ಯಾಬಿಗೆ ನಾನೂ ನನ್ನ ಗಂಡನೂ ಹೋದೆವು. ಸಹಿ ಸಿಕ್ಕಿತು, ಇನ್ನು ಹದಿನೈದು ದಿನ ಎಂದು ಅತ್ತೆಗೆ ಹೇಳಿದೆ. ಪಕ್ಕದ ಮನೆಯವರು ವಿಚಾರಿಸಿದ್ದನ್ನೂ ಹೇಳಿದೆ.

"ಪಾಪ, ಒಂಟಿ ಮನುಷ್ಯ. ನಾನಿಲ್ಲ ಅಂತ ನೋಡ್ತಿದ್ರೇನೋ" ಎಂದು ಕಣ್ಣೊರೆಸಿಕೊಂಡ ಅತ್ತೆ, ಮಗನ ಕಡೆ ತಿರುಗಿದರು. "ನೀನು ಆಗಾಗ ಮಾತಾಡಿಸ್ತಿರ್ತೀಯ ತಾನೇ ಅವರನ್ನ?"

"ಮಾತಾಡಿಸ್ತೀನಮ್ಮಾ" ಎಂದರು ನನ್ನ ಗಂಡ, ಗೋಡೆಯ ಟೀವಿಯಿಂದ ಕಣ್ಣು ತೆಗೆಯದೆ.

ನಾನು ಡಬ್ಬಿಯ ಮುಚ್ಚಳ ಹಾಕಿ, ಕಂಟ್ರಾಕ್ಟರಿಗೆ ಫೋನ್ ಮಾಡಲು ಹೊರಗೆ ಬಂದೆ.