ಪೇಟ ತೊಡಿಸಿ ಮೈಕು ಕಸಿದವರು

ಜರ್ಮನಿಯ ಹೈಡೆಲ್‌ಬರ್ಗ್ ಪಕ್ಕದ ನಮ್ಮ ಪುಟ್ಟ ಊರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ನನಗೊಂದು ಕೋಣೆ ಸಿಕ್ಕಿದ್ದು ಒಬ್ಬ ಕೊರಿಯನ್ ಹಿರಿಯ ಮಹಿಳೆಯಿಂದ. ತಮ್ಮ ದೇಶದಲ್ಲಿ ಶಿಕ್ಷಕಿಯಾಗಿದ್ದ ಆಕೆ, ಇಲ್ಲಿ ಹುಟ್ಟಿದ ಕೊರಿಯನ್ ಮಕ್ಕಳಿಗೆ ಓದಲು ಏನೂ ಇಲ್ಲವೆಂದು ತಾವೇ ಪ್ರಕಾಶನ ಶುರುಮಾಡಿದವರು. ಆಮೇಲೆ ಚುನಾವಣೆಗೆ ನಿಂತು ಗೆದ್ದು ಊರಿನ ಕೌನ್ಸಿಲ್ ಸೇರಿದರು. ಶನಿವಾರ ಬೆಳಿಗ್ಗೆ ಅವರ ತರಗತಿ, ಮಧ್ಯಾಹ್ನ ನಮ್ಮದು, ಬಾಡಿಗೆ ಇಲ್ಲ.

ಕಳೆದ ವರ್ಷ ಕೌನ್ಸಿಲ್‌ಗೆ ಸೇರಿದ ಆ ಕೋಣೆಯನ್ನು ಬಾಡಿಗೆಗೆ ಕೊಡುವ ಮಾತೆದ್ದಿತು. "ಮುಂದಿನ ವಾರ ಗುರುವಾರದ ಕೌನ್ಸಿಲ್ ಸಭೆಗೆ ಮಕ್ಕಳ ಅಪ್ಪ ಅಮ್ಮಂದಿರು ಬಂದು ಸುಮ್ಮನೆ ಕೂತರೂ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದು ಆಕೆ ಜರ್ಮನ್‌ನಲ್ಲಿ ನನಗೆ ಹೇಳಿದರು. ನಾನು ಅದನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ರಾಜ್ಯೋತ್ಸವದ ಬಿಸಿಬೇಳೆ ಬಾತಿಗೆ ತುಪ್ಪ ಯಾರು ತರುತ್ತಾರೆಂಬ ಚರ್ಚೆಯಲ್ಲಿ ಅದು ಮುಳುಗಿಹೋಯಿತು. ನಮ್ಮ ಕನ್ನಡ ಕೂಟದ ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಡೋಂಟ್ ವರಿ ಮೇಡಂ, ಭಾನುವಾರ ರಾಜ್ಯೋತ್ಸವಕ್ಕೆ ಅವ್ರನ್ನೇ ಚೀಫ್ ಗೆಸ್ಟ್ ಮಾಡೋಣ. ಪೇರೆಂಟ್ಸ್ ಎಲ್ಲಾ ಇರ್ತಾರಲ್ಲ, ಅವ್ರೇ ಹೇಳ್ಲಿ."

ಆಕೆ ಬಂದರು. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ನಿರೂಪಕ ಅವರ ಬದುಕನ್ನು ಅವರಿಗೇ ಅರ್ಥವಾಗದ ಕನ್ನಡದಲ್ಲಿ ಉದ್ದಕ್ಕೆ ಓದಿದ. ಫೋಟೋಗೆ ಗಂಡಸರೆಲ್ಲ ನುಗ್ಗಿದರು. ಆಕೆ ಮೈಕಿನತ್ತ ಹೆಜ್ಜೆ ಇಟ್ಟರೆ ನಿರೂಪಕ ಅಡ್ಡ ಬಂದು ಕೈಮುಗಿದ: "ಟೈಮ್ ಇಲ್ಲ, ಸಾರಿ. ಈಗ ವಂದನಾರ್ಪಣೆ, ಆಮೇಲೆ ಊಟ."

ನನ್ನ ಮೈ ಉರಿಯಿತು. ಸನ್ಮಾನ ಎಂದರೆ ಬಾಯಿಗೆ ಬೀಗ ಹಾಕುವುದೇ? ಗುರುವಾರದ ಸಭೆಯ ವಿಷಯ ನಾನೇ ವೇದಿಕೆ ಹತ್ತಿ ಹೇಳಲು ಹೋದೆ. ಅಷ್ಟರಲ್ಲಿ ಸೌಂಡ್ ಸಿಸ್ಟಮ್‌ನ ವೈರು ಸುತ್ತಿಯಾಗಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆ ಒಬ್ಬೊಬ್ಬರಿಗೂ ಹೇಳಿದೆ. "ಶೂರ್, ಬರ್ತೀವಿ" ಎಂದರು. ಊಟಕ್ಕೆ ಮುಂದು, ಕೆಲಸಕ್ಕೆ ಹಿಂದು ಎಂದು ಸುಮ್ಮನೆ ಹೇಳಿಲ್ಲ.

ಗುರುವಾರ ಕೊರಿಯನ್ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಸಾಲು ತುಂಬಿದ್ದರು. ಕನ್ನಡದ ಪರವಾಗಿ ನಾನೊಬ್ಬಳೇ. ಆಕೆ ಎದ್ದು ನಮ್ಮ ಮಕ್ಕಳಿಗಾಗಿ, ತಮ್ಮ ಮಕ್ಕಳಿಗಾಗಿ ವಾದಿಸಿದಷ್ಟೇ ಜೋರಾಗಿ ವಾದಿಸಿದರು. ಒಬ್ಬ ಸದಸ್ಯ ನನ್ನತ್ತ ನೋಡಿ, "ಇಷ್ಟೇ ಜನಕ್ಕೆ ಕೋಣೆ ಯಾಕೆ ಬೇಕು?" ಎಂದ. ಕೊರಿಯನ್ನರ ಬೆಳಿಗ್ಗೆ ಉಳಿಯಿತು. ನಮ್ಮ ಮಧ್ಯಾಹ್ನ ಬಾಡಿಗೆಗೆ ಹೋಯಿತು.

ಟ್ರಾಮ್ ನಿಲ್ದಾಣದಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ಹೋಗ್ಲಿ ಬಿಡಿ ಮೇಡಂ, ಟೆನ್ಷನ್ ಮಾಡ್ಕೋಬೇಡಿ. ಇಷ್ಟೆಲ್ಲಾ ಹೋರಾಡಿದೀರ, ಯುಗಾದಿ ಪ್ರೋಗ್ರಾಮಲ್ಲಿ ನಿಮಗೂ ಒಂದು ಸನ್ಮಾನ ಇಟ್ಕೊಳ್ಳೋಣ."

ಶನಿವಾರ ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ ಎಂದು ಮಾತ್ರ ಅವರು ಕೇಳಲಿಲ್ಲ.